ಕೀಬೋರ್ಡ್ ಕೊಳ್ಳುವ ಮುನ್ನ

ಸೊಲ್ಲಾಪುರ, ಅಕ್ಕಲಕೋಟೆಗಳ ಕಡೆ ಭಜನೆಯ ಹಾರ್ಮೋನಿಯಂ ಇರುವ ಮನೆಗಳಲ್ಲಿಯೂ ಈಗ ಮಕ್ಕಳು ಕೀಬೋರ್ಡ್ ಬೇಡುತ್ತಾರೆ. ಅಂಗಡಿಯವರು ಅದರ ನೂರಾರು ವಾದ್ಯಗಳ ದನಿಗಳನ್ನು ಕೇಳಿಸುತ್ತಾರೆ. ಪರೀಕ್ಷಿಸಬೇಕಾದುದು ದನಿಗಳ ಸಂಖ್ಯೆಯನ್ನಲ್ಲ, ಕೀಗಳ ಸ್ಪರ್ಶವನ್ನು.

ಹಾರ್ಮೋನಿಯಂನಲ್ಲಿ ನಾದದ ಏರಿಳಿತವೆಲ್ಲ ತಿದಿಯೊತ್ತುವ ಕೈಯಲ್ಲಿದೆ. ಕೀಬೋರ್ಡಿಗೆ ತಿದಿಯಿಲ್ಲ, ಆ ಹೊಣೆ ಬೆರಳಿನದು. ಅಗ್ಗದ ಕೆಲವು ಮಾದರಿಗಳಾದರೋ ಬೆರಳಿನ ಬಲಾಬಲವನ್ನು ಗುರುತಿಸುವುದೇ ಇಲ್ಲ. ಅವುಗಳ ಮೇಲೆಯೇ ಕಲಿತ ಮಗುವಿನ ಕೈಗೆ ಮೆಲುದನಿಯ ಅರಿವು ಬಾರದು. ಒಂದೇ ಕೀಯನ್ನು ಮೆಲ್ಲಗೊಮ್ಮೆ, ಜೋರಾಗೊಮ್ಮೆ ಒತ್ತಿ ಕೇಳಿದರೆ ವ್ಯತ್ಯಾಸ ತಿಳಿದೀತು.

ಭಜನೆ, ಭಾವಗೀತೆಗಳಿಗೆ ಸ್ಪರ್ಶಕ್ಕೆ ಸ್ಪಂದಿಸುವ 61 ಕೀಗಳೂ ಶ್ರುತಿ ಬದಲಿಸುವ ಟ್ರಾನ್ಸ್‌ಪೋಸ್ ಗುಂಡಿಯೂ ಸಾಕು. ಪಿಯಾನೊವನ್ನೇ ಕ್ರಮವಾಗಿ ಕಲಿಯುವವರಿಗೆ 88 ಕೀಗಳ ಡಿಜಿಟಲ್ ಪಿಯಾನೊ ಬೇಕು. ಅದರ ಕೀಗಳಿಗೆ ನಿಜವಾದ ಪಿಯಾನೊದ ಸುತ್ತಿಗೆಗಳಂಥ ಭಾರವಿರುವುದರಿಂದ ಬೆರಳುಗಳು ಬಲಗೊಳ್ಳುತ್ತವೆ. ಇಕ್ಕಟ್ಟಾದ ಮನೆಯಾದರೆ ಹೆಡ್‌ಫೋನ್ ಜೋಡಿಸುವ ಸೌಕರ್ಯವನ್ನೂ ನೋಡಿಕೊಳ್ಳಬೇಕು.

ಸ್ವರದಿಂದ ಸ್ವರಕ್ಕೆ ಜಾರುವ ಮೀಂಡು ಮಾತ್ರ, ಹಾರ್ಮೋನಿಯಂನಂತೆಯೇ, ಈ ಕೀಗಳಿಂದಲೂ ಹೊರಡದು. ಅದನ್ನು ಮಗು ಕೊರಳಿನಿಂದಲೇ ಕಲಿಯಬೇಕು. ಹೊಸ ವಾದ್ಯ ಬಂದಿತೆಂದು ಮನೆಯ ಸಂಜೆಯ ಭಜನೆ ನಿಲ್ಲದಿರಲಿ.