ಕ್ವಾಂಟಂ ಉದ್ಯಮಕ್ಕೆ ಬೇಕಾದ ಕೈಗಳು

ವಿಜ್ಞಾನವನ್ನು ಅಭ್ಯಾಸಮಾಡುತ್ತಿರುವ ತರುಣ ತರುಣಿಯರಿಂದ ಈಚೆಗೆ ಒಂದು ಪ್ರಶ್ನೆ ಮೇಲಿಂದ ಮೇಲೆ ಕೇಳಿಬರುತ್ತಿದೆ: “ಕ್ವಾಂಟಂ ತಂತ್ರವಿದ್ಯೆಯಲ್ಲಿ ನನಗೆ ಎಡೆಯುಂಟೆ? ಅದಕ್ಕೆ ಅಸಾಮಾನ್ಯವಾದ ಗಣಿತಪ್ರತಿಭೆ ಬೇಕಲ್ಲವೆ?” ಹೀಗೆ ಕೇಳುವವರು ಉತ್ತರವನ್ನು ಮೊದಲೇ ತೀರ್ಮಾನಿಸಿಕೊಂಡಿರುತ್ತಾರೆ. ತಮಗೆ ಅಂತಹ ಪ್ರತಿಭೆಯಿಲ್ಲವೆಂದು ಬಗೆದು, ಬಾಗಿಲನ್ನು ತಟ್ಟುವುದಕ್ಕೆ ಮುಂಚೆಯೇ ಹಿಂದಿರುಗುತ್ತಾರೆ. ಈ ಭಾವನೆ ತಪ್ಪು. ತಪ್ಪು ಮಾತ್ರವಲ್ಲ, ನಾಡಿಗೆ ನಷ್ಟವನ್ನು ತರುವಂತಹುದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಭಾವನೆ ಹುಟ್ಟುವುದಕ್ಕೆ ಕಾರಣವಿಲ್ಲದಿಲ್ಲ. ಕ್ವಾಂಟಂ ಶಾಸ್ತ್ರದ ಇತಿಹಾಸವೆಂದು ನಾವು ಓದುವುದು ಬಹುಮಟ್ಟಿಗೆ ಮೇಧಾವಿಗಳ ಕಥೆಯನ್ನೇ. 1924ರಲ್ಲಿ ಢಾಕಾದ ಅಧ್ಯಾಪಕ ಸತ್ಯೇಂದ್ರನಾಥ ಬೋಸರು ಬರೆದ ಪುಟ್ಟ ಲೇಖನವೊಂದು ಐನ್‌ಸ್ಟೈನರ ಮನಸ್ಸನ್ನು ಸೆಳೆಯಿತು. ಮರುವರ್ಷ ಹೈಸನ್‌ಬರ್ಗ್ ಎಂಬ 23 ವರ್ಷದ ತರುಣ ಹೆಲ್ಗೋಲೆಂಡ್ ದ್ವೀಪದ ಏಕಾಂತದಲ್ಲಿ ಹೊಸ ಬಲವಿಜ್ಞಾನದ ತಳಹದಿಯನ್ನು ಹಾಕಿದನು. ಆ ಮಹಾಕಾರ್ಯಕ್ಕೆ ನೂರು ವರ್ಷ ತುಂಬಿದುದರ ನೆನಪಿಗಾಗಿಯೇ ವಿಶ್ವಸಂಸ್ಥೆ 2025ನ್ನು ಕ್ವಾಂಟಂ ವಿಜ್ಞಾನ ಮತ್ತು ತಂತ್ರವಿದ್ಯೆಯ ಅಂತರರಾಷ್ಟ್ರೀಯ ವರ್ಷವೆಂದು ಸಾರಿತು. ಲೇಖನಿ, ಕಾಗದ, ಏಕಾಂತ, ಇವಿಷ್ಟೇ ಆ ಸಾಧನೆಗೆ ಸಾಕಾಗಿದ್ದವೆಂದು ನಮಗೆ ತೋರುತ್ತದೆ. ಆದರೆ ಸಿದ್ಧಾಂತವು ಏಕಾಂತದಲ್ಲಿ ಹುಟ್ಟಬಹುದು, ಯಂತ್ರವು ಹುಟ್ಟಲಾರದು. ಇಂದು ತಲೆಯೆತ್ತುತ್ತಿರುವುದು ಯಂತ್ರಗಳ ಉದ್ಯಮ.

ಈ ಯಂತ್ರದ ಒಳಗನ್ನು ಒಮ್ಮೆ ನೋಡೋಣ. ಸಾಮಾನ್ಯ ಗಣಕಯಂತ್ರದ ಮೂಲಮಾನವಾದ ಬಿಟ್ಟು ಸೊನ್ನೆಯಾಗಿರುತ್ತದೆ, ಇಲ್ಲವೆ ಒಂದಾಗಿರುತ್ತದೆ. ಕ್ವಾಂಟಂ ಗಣಕದ ಮೂಲಮಾನವಾದ ಕ್ಯೂಬಿಟ್ಟಾದರೋ ಈ ಎರಡು ಸ್ಥಿತಿಗಳ ಬೆರಕೆಯಲ್ಲಿ ಇರಬಲ್ಲದು. ಅನೇಕ ಕ್ಯೂಬಿಟ್ಟುಗಳು ಒಂದರೊಡನೊಂದು ಹೆಣೆದುಕೊಂಡಾಗ, ಕೆಲವು ವಿಶೇಷ ಬಗೆಯ ಲೆಕ್ಕಗಳಿಗೆ ಹತ್ತಿರದ ದಾರಿಗಳು ತೆರೆಯುತ್ತವೆ. ಆದರೆ ಈ ಸ್ಥಿತಿ ಬಹು ನಾಜೂಕಾದುದು. ಸ್ವಲ್ಪ ಶಾಖ ತಗಲಿದರೂ, ತಂತಿಯಲ್ಲಿ ಸ್ವಲ್ಪ ವಿದ್ಯುತ್ತಿನ ಗದ್ದಲ ನುಸುಳಿದರೂ ಅದು ಕದಡಿಹೋಗುತ್ತದೆ.

ಆದುದರಿಂದ ಅತಿವಾಹಕ ಲೋಹಗಳಿಂದ ಮಾಡಿದ ಕ್ಯೂಬಿಟ್ಟುಗಳ ಬಿಲ್ಲೆಯನ್ನು ನಿರಪೇಕ್ಷ ಶೂನ್ಯಕ್ಕಿಂತ ಒಂದು ಡಿಗ್ರಿಯ ನೂರರಲ್ಲಿ ಒಂದೆರಡು ಭಾಗದಷ್ಟು ಮಾತ್ರ ಮೇಲಿರುವ ಉಷ್ಣತೆಯಲ್ಲಿ ಇರಿಸುತ್ತಾರೆ. ನಕ್ಷತ್ರಗಳ ನಡುವಣ ಬರಿದಾದ ಆಕಾಶದ ಉಷ್ಣತೆಯೂ ಶೂನ್ಯಕ್ಕಿಂತ 2.7 ಡಿಗ್ರಿ ಮೇಲಿದೆ ಎಂಬುದನ್ನು ನೆನೆದರೆ ಈ ಶೈತ್ಯದ ಅಳವು ತಿಳಿದೀತು. ಇದನ್ನು ಉಂಟುಮಾಡುವ ಶೀತಕ ಯಂತ್ರದಲ್ಲಿ ಹೀಲಿಯಂ ಅನಿಲದ ಎರಡು ಬಗೆಗಳ ಮಿಶ್ರಣ ಸದಾ ಸುತ್ತುತ್ತಿರುತ್ತದೆ. ಅದು ಎಳ್ಳಷ್ಟೂ ಸೋರದಂತೆ ಬೆಸುಗೆ ಹಾಕಬಲ್ಲ ಕೈ ಬೇಕು. ಕೊಳವೆಗಳೊಳಗೆ ನಿರ್ವಾತವನ್ನು ಉಂಟುಮಾಡಿ, ಅದನ್ನು ಕಾಪಾಡಿಕೊಂಡು ಬರುವವರು ಬೇಕು. ಹೊರಗಿನ ಶಾಖವನ್ನು ಒಳಕ್ಕೆ ಒಯ್ಯದ ತಂತಿಗಳನ್ನು ಆರಿಸಿ, ಮೆಟ್ಟಿಲು ಮೆಟ್ಟಿಲಾಗಿ ತಣಿಸುತ್ತ ಕೆಳಕ್ಕೆ ಇಳಿಸುವವರು ಬೇಕು. ಸೆಕೆಂಡಿಗೆ ಸುಮಾರು 500 ಕೋಟಿ ಸಲ ಕಂಪಿಸುವ ಸೂಕ್ಷ್ಮತರಂಗಗಳನ್ನು ಅಳೆದು ಕಳುಹಿಸುವ ಎಲೆಕ್ಟ್ರಾನಿಕ್ ಉಪಕರಣಗಳನ್ನು ರಚಿಸುವವರು ಬೇಕು. ಬಿಲ್ಲೆಯ ಮೇಲೆ ಎರಡು ಅಲ್ಯೂಮಿನಿಯಂ ಪದರಗಳ ನಡುವೆ ಒಂದೆರಡು ನ್ಯಾನೋಮೀಟರ್ ದಪ್ಪದ ಆಕ್ಸೈಡ್ ತೆರೆಯನ್ನು ಹರಡುವವರು ಬೇಕು. ಬಳಿಕ ಲೆಕ್ಕವನ್ನು ಯಂತ್ರಕ್ಕೆ ತಿಳಿಯುವ ಆಜ್ಞೆಗಳನ್ನಾಗಿ ಬರೆಯುವವರೂ, ಬಂದ ಉತ್ತರದಲ್ಲಿನ ದೋಷಗಳನ್ನು ಸೋಸುವವರೂ ಬೇಕು. ಇಷ್ಟು ಜನರ ನಡುವೆ ಸಿದ್ಧಾಂತಿಯೂ ಒಬ್ಬನಿರುತ್ತಾನೆ. ಅವನಿಲ್ಲದೆ ಕೆಲಸ ಸಾಗದು. ಆದರೆ ಅವನೊಬ್ಬನಿಂದಲೇ ಸಾಗುವುದೂ ಇಲ್ಲ.

ಇದು ಬರಿಯ ಉಪದೇಶದ ಮಾತಲ್ಲವೆಂಬುದಕ್ಕೆ 2025ರ ಭೌತವಿಜ್ಞಾನದ ನೊಬೆಲ್ ಪಾರಿತೋಷಕವೇ ಸಾಕ್ಷಿ. ಅದು ಜಾನ್ ಕ್ಲಾರ್ಕ್, ಮಿಶೆಲ್ ಡೆವೊರೆ ಮತ್ತು ಜಾನ್ ಮಾರ್ಟಿನಿಸ್ ಎಂಬ ಮೂವರಿಗೆ ಸಂದಿತು. ಅವರು ಅಮೆರಿಕದ ಬರ್ಕ್ಲಿಯಲ್ಲಿ ಆ ಪ್ರಯೋಗಗಳನ್ನು ಮಾಡಿದುದು 1984 ಮತ್ತು 1985ರಲ್ಲಿ. ಕ್ಲಾರ್ಕ್ ಇಂಗ್ಲೆಂಡಿನಿಂದ ಬಂದು ನೆಲೆಸಿದ್ದ ಪ್ರಾಧ್ಯಾಪಕರು. ಡೆವೊರೆ ಪ್ಯಾರಿಸಿನಲ್ಲಿ ಡಾಕ್ಟರ್ ಪದವಿಯನ್ನು ಪಡೆದು ಬಂದಿದ್ದ ತರುಣರು. ಮಾರ್ಟಿನಿಸ್ ಇನ್ನೂ ವಿದ್ಯಾರ್ಥಿ. ಅವರು ಎತ್ತಿಕೊಂಡ ಪ್ರಶ್ನೆ ಸರಳವಾದುದು. ಒಂದು ಎಲೆಕ್ಟ್ರಾನು ತಾನು ಹತ್ತಲಾರದ ಗೋಡೆಯನ್ನು ಕೊರೆಯದೆಯೇ ದಾಟಿ ಆಚೆಗೆ ಹೋಗಬಲ್ಲದೆಂದು ಕ್ವಾಂಟಂ ಶಾಸ್ತ್ರವು ಹೇಳುತ್ತದೆ. ಕೋಟಿಗಟ್ಟಲೆ ಎಲೆಕ್ಟ್ರಾನುಗಳು ಒಟ್ಟಾಗಿ ಹರಿಯುವ, ಕೈಯಲ್ಲಿ ಹಿಡಿಯಬಹುದಾದ ಒಂದು ವಿದ್ಯುನ್ಮಂಡಲವು ತಾನೇ ಹಾಗೆ ದಾಟಬಲ್ಲದೆ?

ಉತ್ತರವನ್ನು ಕಾಣುವುದು ಮಾತ್ರ ಸುಲಭವಾಗಿರಲಿಲ್ಲ. ಹೊರಗಿನಿಂದ ತಂತಿಗಳ ಮೂಲಕ ನುಸುಳುವ ಗದ್ದಲವು ಮಂಡಲವನ್ನು ತಳ್ಳಿ ಗೋಡೆಯಾಚೆಗೆ ಹಾಕಿದರೆ, ಅದೂ ನೋಡುವುದಕ್ಕೆ ಹಾಗೆಯೇ ಕಾಣುತ್ತದೆ. ನಿಜವಾವುದು, ಮೋಸವಾವುದು ಎಂದು ಗೊತ್ತುಮಾಡಬೇಕಾದರೆ ಗದ್ದಲವನ್ನು ಪೂರ್ತಿಯಾಗಿ ತಡೆಯಬೇಕು. ಅವರು ಲೋಹದ ಕೊಳವೆಯಲ್ಲಿ ಸುರುಳಿಯಾಗಿ ಸುತ್ತಿದ ತಂತಿಯನ್ನಿಟ್ಟು, ಸುತ್ತಲೂ ತಾಮ್ರದ ನುಣುಪಾದ ಪುಡಿಯನ್ನು ತುಂಬಿದರು. ಪುಡಿಯ ಅಸಂಖ್ಯ ಕಣಗಳ ಮೇಲ್ಮೈಯೆಲ್ಲ ಸೇರಿ ಬಲು ವಿಸ್ತಾರವಾಗುವುದರಿಂದ, ಬೇಡವಾದ ಸೂಕ್ಷ್ಮತರಂಗಗಳು ಅಲ್ಲಿಯೇ ಹೀರಲ್ಪಟ್ಟು ಇಂಗಿಹೋಗುತ್ತವೆ. ಜಗತ್ತಿನ ಅತ್ಯಂತ ಸೂಕ್ಷ್ಮವಾದ ಪ್ರಶ್ನೆಯೊಂದಕ್ಕೆ ಉತ್ತರ ದೊರೆಯುವುದರಲ್ಲಿ ತಾಮ್ರದ ಪುಡಿ ತುಂಬಿದ ಕೊಳವೆಗೂ ಪಾಲಿತ್ತು! ಈ ಉಪಾಯವು ಯಾವ ಪರೀಕ್ಷೆಯ ಪ್ರಶ್ನಪತ್ರಿಕೆಯಲ್ಲಿಯೂ ಬರುವಂತಹುದಲ್ಲ. ಕೈ ಕೊಳೆಮಾಡಿಕೊಂಡು, ಸೋತು, ಮತ್ತೆ ಮಾಡಿದವರಿಗೆ ಹೊಳೆಯುವಂತಹುದು.

ಅಂದಿನ ವಿದ್ಯಾರ್ಥಿ ಮಾರ್ಟಿನಿಸ್ ಮುಂದೆ ಗೂಗಲ್ ಕಂಪನಿಯಲ್ಲಿ 53 ಕ್ಯೂಬಿಟ್ಟುಗಳ ಗಣಕವೊಂದನ್ನು ಕಟ್ಟಿದ ತಂಡದ ಮುಂದಾಳುಗಳಲ್ಲಿ ಒಬ್ಬರಾದರು. ಅದನ್ನು ಕುರಿತು 2019ರಲ್ಲಿ ಪ್ರಕಟವಾದ ಲೇಖನಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿ ಕರ್ತೃಗಳು. ಕಂಪನಿಯವರಲ್ಲದೆ ವಿಶ್ವವಿದ್ಯಾನಿಲಯಗಳವರೂ, ಸರ್ಕಾರಿ ಪ್ರಯೋಗಶಾಲೆಗಳವರೂ, ಜರ್ಮನಿಯ ಸಂಶೋಧಕರೂ ಆ ಪಟ್ಟಿಯಲ್ಲಿದ್ದರು. ಮೂವರಿಂದ ಮೊದಲಾದುದು ಎಪ್ಪತ್ತು ಮಂದಿಯನ್ನು ಬೇಡಿತು. ಈ ಕ್ಷೇತ್ರದಲ್ಲಿ ಸಹಕಾರವೆಂಬುದು ಸೌಜನ್ಯದ ಮಾತಲ್ಲ. ಅದಿಲ್ಲದೆ ಯಂತ್ರವೇ ನಡೆಯದು. ಶೀತಕವನ್ನು ಬಲ್ಲವನಿಗೆ ಗಣಿತವು ಅಷ್ಟಾಗಿ ತಿಳಿಯದು; ಗಣಿತವನ್ನು ಬಲ್ಲವನಿಗೆ ಬೆಸುಗೆ ತಿಳಿಯದು. ಇಬ್ಬರೂ ಒಬ್ಬರ ಮಾತನ್ನು ಇನ್ನೊಬ್ಬರು ತಿಳಿದುಕೊಳ್ಳಬಲ್ಲಷ್ಟು ಕಲಿತಿರಬೇಕು, ಮತ್ತು ಒಬ್ಬರನ್ನೊಬ್ಬರು ಗೌರವಿಸಬೇಕು.

“ಬುದ್ಧಿಯೇ ಮುಖ್ಯ, ಉಪಕರಣಗಳನ್ನು ಹೊರದೇಶದಿಂದ ಕೊಂಡುಕೊಳ್ಳಬಹುದಷ್ಟೆ” ಎಂದು ಕೆಲವರು ವಾದಿಸುವುದುಂಟು. ಇದಕ್ಕೆ ನಮ್ಮ ದೇಶದ ಅನುಭವವೇ ಉತ್ತರ ಹೇಳಿದೆ. ಪರಮಾಣು ಗಡಿಯಾರವು ಕ್ವಾಂಟಂ ತಂತ್ರವಿದ್ಯೆಯ ಹಿರಿಯ ಮಗು. ಸೀಸಿಯಂ ಪರಮಾಣುವಿಗೆ ಸಂಬಂಧಿಸಿದ ತರಂಗದ 9,192,631,770 ಕಂಪನಗಳ ಅವಧಿಯನ್ನೇ ಜಗತ್ತು ಒಂದು ಸೆಕೆಂಡೆಂದು ಒಪ್ಪಿಕೊಂಡಿದೆ. ದಾರಿ ತೋರುವ ಉಪಗ್ರಹಗಳಲ್ಲಿ ಇಂತಹ ಗಡಿಯಾರಗಳೇ ಜೀವಾಳ; ಕಾಲದಲ್ಲಿ ಒಂದು ಸೆಕೆಂಡಿನ ನೂರು ಕೋಟಿಯಲ್ಲೊಂದು ಭಾಗ ತಪ್ಪಿದರೆ ದೂರದಲ್ಲಿ 30 ಸೆಂಟಿಮೀಟರ್ ತಪ್ಪುತ್ತದೆ. 2013ರಲ್ಲಿ ಭಾರತವು ಹಾರಿಸಿದ ಈ ಬಗೆಯ ಮೊದಲ ಉಪಗ್ರಹದಲ್ಲಿ ಹೊರದೇಶದಿಂದ ತರಿಸಿದ ಮೂರು ರುಬಿಡಿಯಂ ಗಡಿಯಾರಗಳಿದ್ದವು. ಮೂರೂ ಕೆಟ್ಟುಹೋದುವೆಂಬ ಸುದ್ದಿ 2017ರ ಆರಂಭದಲ್ಲಿ ಹೊರಬಿದ್ದಿತು. ಉಪಗ್ರಹವು ಆಕಾಶದಲ್ಲಿ ಇದ್ದೂ, ದಾರಿ ತೋರುವ ಮುಖ್ಯ ಕಾರ್ಯಕ್ಕೆ ಒದಗದಂತಾಯಿತು. ಬೆಂಗಳೂರಿನ ಬಳಿಯ ಬ್ಯಾಲಾಳುವಿನ ಕೇಂದ್ರದಲ್ಲಿ ಕುಳಿತವರು ಎಷ್ಟೇ ಬುದ್ಧಿವಂತರಾಗಿದ್ದರೂ, ಪರರು ಮಾಡಿ ಮುಚ್ಚಿ ಕಳುಹಿಸಿದ ಪೆಟ್ಟಿಗೆಯನ್ನು ಆಕಾಶದಲ್ಲಿ ತೆರೆದು ಸರಿಪಡಿಸಲಾರರು. ಅನಂತರ ಅಹಮದಾಬಾದಿನ ಅಂತರಿಕ್ಷ ಉಪಯೋಗ ಕೇಂದ್ರದವರು ನಮ್ಮದೇ ಆದ ರುಬಿಡಿಯಂ ಗಡಿಯಾರವನ್ನು ನಿರ್ಮಿಸಿದರು. ಅದು 2023ರ ಮೇ 29ರಂದು ಎನ್‌ವಿಎಸ್-01 ಉಪಗ್ರಹದಲ್ಲಿ ಮೊದಲ ಬಾರಿಗೆ ಮೇಲೇರಿತು. ಇದರಿಂದ ನಾವು ಕಲಿಯಬೇಕಾದ ಪಾಠ ಸ್ಪಷ್ಟ. ಕೊಂಡ ಉಪಕರಣವು ಕೆಲಸ ಮಾಡುವವರೆಗೆ ಮಾತ್ರ ನಮ್ಮದು. ಮಾಡಿದ ಉಪಕರಣವು ಕೆಟ್ಟಾಗಲೂ ನಮ್ಮದು.

ಈಗ ಭಾರತವು ಇದೇ ಕವಲುದಾರಿಯಲ್ಲಿ ಮತ್ತೊಮ್ಮೆ ನಿಂತಿದೆ. 2023ರ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರವು 6,003.65 ಕೋಟಿ ರೂಪಾಯಿಗಳ ರಾಷ್ಟ್ರೀಯ ಕ್ವಾಂಟಂ ಯೋಜನೆಗೆ ಒಪ್ಪಿಗೆಯಿತ್ತಿತು. ಎಂಟು ವರ್ಷಗಳಲ್ಲಿ 50ರಿಂದ 1000 ಕ್ಯೂಬಿಟ್ಟುಗಳ ಗಣಕಗಳನ್ನು ಕಟ್ಟುವುದು ಅದರ ಗುರಿಗಳಲ್ಲೊಂದು. ಗಣಕಗಳ ಕೇಂದ್ರವು ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ದೊರೆತಿದೆ. ಸಂಪರ್ಕ, ಮಾಪನ, ದ್ರವ್ಯ ಈ ಮೂರರ ಕೇಂದ್ರಗಳು ಮದರಾಸು, ಮುಂಬಯಿ, ದೆಹಲಿಗಳ ತಾಂತ್ರಿಕ ವಿದ್ಯಾಮಂದಿರಗಳಿಗೆ ಸೇರಿವೆ. ಬೆಂಗಳೂರಿನದೇ ಆದ ಕ್ಯೂಪಿಎಐ ಎಂಬ ಕಂಪನಿಯು 2025ರಲ್ಲಿ 25 ಕ್ಯೂಬಿಟ್ಟುಗಳ ಗಣಕವನ್ನು ಹೊರತಂದಿತು. ಇವೆಲ್ಲ ಸಂತೋಷದ ವಿಷಯಗಳೇ. ಆದರೆ ಹಣದಿಂದ ಯಂತ್ರವನ್ನು ತರಿಸಬಹುದೇ ಹೊರತು ಅದನ್ನು ಕಟ್ಟಬಲ್ಲವರನ್ನು ತರಿಸಲಾಗದು. ಅವರನ್ನು ನಮ್ಮ ಪ್ರೌಢಶಾಲೆಗಳೂ, ಕಾಲೇಜುಗಳೂ, ಪಾಲಿಟೆಕ್ನಿಕ್‌ಗಳೂ ತಯಾರುಮಾಡಬೇಕು. ಸೂಕ್ಷ್ಮವಾದ ಕೈಕೆಲಸ ಈ ನಾಡಿಗೆ ಹೊಸದೇನೂ ಅಲ್ಲ. 1953ರಲ್ಲಿ ಹಿಂದೂಸ್ಥಾನ್ ಮೆಷೀನ್ ಟೂಲ್ಸ್, 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಬೆಂಗಳೂರಿನಲ್ಲಿ ಹುಟ್ಟಿದುವು. ಅವುಗಳ ಸುತ್ತ ಕುಶಲ ಕೆಲಸಗಾರರ ಒಂದು ಪೀಳಿಗೆಯೇ ಬೆಳೆಯಿತು. ಆ ಪರಂಪರೆಯನ್ನು ಹೊಸ ಉದ್ಯಮಕ್ಕೆ ತಂದು ಕೂಡಿಸುವುದು ಅಸಾಧ್ಯವಲ್ಲ.

ನಮ್ಮ ಪ್ರಯೋಗಶಾಲೆಗಳ ಸ್ಥಿತಿಯನ್ನು ನೋಡಿದಾಗ ಮಾತ್ರ ಮನಸ್ಸಿಗೆ ಖೇದವಾಗುತ್ತದೆ. ಎಷ್ಟೋ ಕಡೆ ಪ್ರಯೋಗದ ಅಂಕಿಗಳು ಉಪಕರಣದಿಂದ ಬರುವುದಿಲ್ಲ. ಹಿಂದಿನ ವರ್ಷದ ವಿದ್ಯಾರ್ಥಿಯ ಪುಸ್ತಕದಿಂದ ಬರುತ್ತವೆ. ಒಡೆದರೆ ದಂಡ ತೆರಬೇಕೆಂಬ ಭಯದಿಂದ ಒಳ್ಳೆಯ ಉಪಕರಣಗಳು ಬೀರುವಿನಲ್ಲಿ ಬೀಗದೊಳಗೆ ಮುದಿಯಾಗುತ್ತವೆ. ಪದವಿ ವಿದ್ಯಾರ್ಥಿಗಳು ಕ್ವಾಂಟಂ ತಂತ್ರವಿದ್ಯೆಯನ್ನು ಉಪವಿಷಯವಾಗಿ ಕಲಿಯಲೆಂದು 2024ರ ಡಿಸೆಂಬರಿನಲ್ಲಿ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತೂ ಕೇಂದ್ರದ ವಿಜ್ಞಾನ ಇಲಾಖೆಯೂ ಕೂಡಿ ಒಂದು ಪಠ್ಯಕ್ರಮವನ್ನು ಪ್ರಕಟಿಸಿದವು. ಅದು ಸ್ವಾಗತಾರ್ಹವೇ ಸರಿ. ಆದರೆ ಅದನ್ನೂ ಕಂಠಪಾಠದ ಮತ್ತೊಂದು ವಿಷಯವನ್ನಾಗಿ ಮಾಡಿಕೊಂಡರೆ, ನಮಗೆ ದೊರೆಯುವುದು ಪ್ರಮಾಣಪತ್ರಗಳೇ ಹೊರತು ಕೆಲಸ ಬಲ್ಲವರಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಸೇರಿಸುವುದು ನ್ಯಾಯ. ಹೊಸ ಉದ್ಯಮವೆಂದರೆ ಅತಿಶಯೋಕ್ತಿಗೆ ಕೊರತೆಯಿರುವುದಿಲ್ಲ. 2019ರ ಆ ಯಂತ್ರವು 200 ಸೆಕೆಂಡುಗಳಲ್ಲಿ ಮಾಡಿದ ಲೆಕ್ಕಕ್ಕೆ ಸಾಮಾನ್ಯ ಮಹಾಗಣಕಕ್ಕೆ ಹತ್ತು ಸಾವಿರ ವರ್ಷ ಬೇಕೆಂದು ಅದನ್ನು ಕಟ್ಟಿದವರು ಹೇಳಿದ್ದರು. ಕೆಲವೇ ವರ್ಷಗಳಲ್ಲಿ ಇತರ ಸಂಶೋಧಕರು ಹೊಸ ವಿಧಾನಗಳನ್ನು ಕಂಡು, ಅದೇ ಬಗೆಯ ಲೆಕ್ಕವನ್ನು ಸಾಮಾನ್ಯ ಗಣಕಗಳಿಂದಲೇ ಕೆಲವು ಗಂಟೆಗಳಲ್ಲಿ ಮಾಡಿಸಿದರು. ಕ್ಯೂಬಿಟ್ಟುಗಳು ಮಾಡುವ ತಪ್ಪುಗಳನ್ನು ತಿದ್ದುವ ಕೆಲಸ ಇನ್ನೂ ಬಹಳವಿದೆ. ಆದುದರಿಂದ “ಕ್ವಾಂಟಂ” ಎಂಬ ಹೆಸರನ್ನು ಕಂಡ ಮಾತ್ರಕ್ಕೆ ಮಾರುಹೋಗದೆ, ಯಾವ ಗಾಳಿ ಬೀಸಿದರೂ ಕೈಬಿಡದ ವಿದ್ಯೆಯನ್ನು ತರುಣರು ಸಂಪಾದಿಸಬೇಕು. ಶೀತವಿಜ್ಞಾನವನ್ನು ಕಲಿತವನು ಆಸ್ಪತ್ರೆಯ ಎಂಆರ್‌ಐ ಯಂತ್ರದ ಹೀಲಿಯಂ ತಣಿಸಿದ ಕಾಂತವನ್ನೂ ನೋಡಿಕೊಳ್ಳಬಲ್ಲ. ನಿರ್ವಾತವನ್ನೂ ತೆಳುಪದರಗಳನ್ನೂ ಅರಿತವಳಿಗೆ ಅರೆವಾಹಕಗಳ ಕಾರ್ಖಾನೆಯಲ್ಲಿ ಸ್ಥಾನವಿದೆ. ಲೇಸರುಗಳನ್ನು ಬಲ್ಲವರು ಬೇಡವೆಂಬ ಕಾಲ ಸಮೀಪದಲ್ಲಿ ಬರಲಾರದು.

ಪ್ರೌಢಶಾಲೆಯ ವಿದ್ಯಾರ್ಥಿಯು ಇಂದೇ ಆರಂಭಿಸಬಹುದಾದ ಕೆಲಸಗಳಿವೆ. ಗಣಿತವನ್ನು ಬಿಡಬಾರದು, ಮೇಧಾವಿಗಳಿಗೆ ಮಾತ್ರವೆಂದು ಅದಕ್ಕೆ ಹೆದರಲೂಬಾರದು. ಕೆಟ್ಟ ರೇಡಿಯೋ ಒಂದನ್ನು ಬಿಚ್ಚಿ ನೋಡಬೇಕು, ಬೆಸುಗೆ ಹಾಕುವುದನ್ನು ಕಲಿಯಬೇಕು. ಒಂದೇ ಅಳತೆಯನ್ನು ಹತ್ತು ಸಲ ತೆಗೆದು, ಹತ್ತೂ ಏಕೆ ಬೇರೆ ಬೇರೆ ಬಂದುವೆಂದು ಯೋಚಿಸಬೇಕು. ಬಂದ ಅಂಕಿಯನ್ನೇ, ಅದು ಪುಸ್ತಕದ ಅಂಕಿಗೆ ಹೊಂದದಿದ್ದರೂ, ಪ್ರಾಮಾಣಿಕವಾಗಿ ಬರೆದಿಡಬೇಕು. ಕಾಲೇಜಿನವರು ತಮ್ಮ ವಿಭಾಗದ ಗೋಡೆಯನ್ನು ದಾಟಿ, ಭೌತವಿಜ್ಞಾನದವರು ಎಲೆಕ್ಟ್ರಾನಿಕ್ಸಿನವರೊಡನೆ, ಗಣಕದವರು ರಸಾಯನದವರೊಡನೆ ಕುಳಿತು ಕೆಲಸ ಮಾಡುವುದನ್ನು ಅಭ್ಯಾಸಮಾಡಿಕೊಳ್ಳಬೇಕು. ಅಧ್ಯಾಪಕರು ಆ ಬೀರುಗಳ ಬೀಗವನ್ನು ತೆಗೆಯಬೇಕು. ಒಡೆದ ಗಾಜಿಗಿಂತ ಒಮ್ಮೆಯೂ ಉಪಕರಣವನ್ನು ಮುಟ್ಟದ ಕೈ ಹೆಚ್ಚು ನಷ್ಟವೆಂಬುದನ್ನು ಆಡಳಿತದವರೂ ಮನಗಾಣಬೇಕು.

ಕ್ವಾಂಟಂ ಶಾಸ್ತ್ರದ ಮೊದಲ ನೂರು ವರ್ಷಗಳಲ್ಲಿ ನಮ್ಮ ದೇಶದಿಂದ ಒಬ್ಬ ಬೋಸರು ಹೊರಟರು; ಅವರ ಹೆಸರು ಶಾಸ್ತ್ರದಲ್ಲಿ ನಿಂತಿತು. ಎರಡನೆಯ ನೂರು ವರ್ಷಗಳಲ್ಲಿ ಹೆಸರು ತಿಳಿಯದ ಸಾವಿರಾರು ಮಂದಿ ಬೇಕಾಗಿದ್ದಾರೆ. ಅವರು ಮಾಡಿದ ಯಂತ್ರಗಳು ನಡೆದರೆ ಸಾಕು, ದೇಶವು ಅವರಿಗೆ ಋಣಿಯಾಗಿರುತ್ತದೆ.