ಎಲ್ಲಿ ಕತ್ತರಿಸಬೇಕು?

1994ರಲ್ಲಿ ಅಮೆರಿಕದ ಗಣಿತ ಪ್ರಾಧ್ಯಾಪಕ ಥಾಮಸ್ ನೈಸ್ಲಿಯವರು ಅವಳಿ ಅವಿಭಾಜ್ಯ ಸಂಖ್ಯೆಗಳ ವ್ಯುತ್ಕ್ರಮಗಳನ್ನು ಗಣಕಯಂತ್ರದಲ್ಲಿ ಕೂಡಿಸುತ್ತಿದ್ದಾಗ ಉತ್ತರಗಳು ತಾಳೆಯಾಗದೆ ಹೋದುವು. ತಪ್ಪು ಅವರದಲ್ಲ, ಇಂಟೆಲ್ ಸಂಸ್ಥೆಯ ಪೆಂಟಿಯಮ್ ಚಿಪ್ಪಿನದು. ಭಾಗಾಕಾರಕ್ಕೆಂದು ಅದರೊಳಗೆ ಅಳವಡಿಸಿದ್ದ ಕೋಷ್ಟಕದಲ್ಲಿ ಐದು ಅಂಕಗಳು ಬಿಟ್ಟುಹೋಗಿದ್ದುವೆಂದು ಸಂಸ್ಥೆಯೇ ತಿಳಿಸಿತು. ಪುಸ್ತಕದಲ್ಲಿ ಅಚ್ಚಿನ ದೋಷ ಕಂಡರೆ ತಪ್ಪು-ಒಪ್ಪುಗಳ ಪಟ್ಟಿಯೊಂದನ್ನು ಅಂಟಿಸಬಹುದು. ಸಿಲಿಕಾನಿನಲ್ಲಿ ಮೂಡಿದ ಇಂಥ ದೋಷವನ್ನು ತಿದ್ದುವಂತಿಲ್ಲ. ಸಂಸ್ಥೆಗೆ 47.5 ಕೋಟಿ ಡಾಲರುಗಳ ಹೊರೆ ಬಿದ್ದಿತು.

ಇದನ್ನು ಮೊದಲೇ ಹಿಡಿಯಬಹುದಾಗಿತ್ತೆ? ಇಂಟೆಲಿನ ಅಂದಾಜಿನಂತೆ, ಸಿಕ್ಕಿದಂತೆ ಆಯ್ದ 900 ಕೋಟಿ ಭಾಗಾಕಾರಗಳಲ್ಲಿ ಕೆಡುವುದು ಒಂದು. ಒಂದೊಂದಕ್ಕೂ ಗಡಿಯಾರದ 40 ಬಡಿತಗಳು ಬೇಕೆಂದು ಇಟ್ಟುಕೊಳ್ಳೋಣ. ಚಿಪ್ಪಿನ ನಡವಳಿಕೆಯನ್ನು ತಂತ್ರಾಂಶದಿಂದ ಅನುಕರಿಸಿ, ಸೆಕೆಂಡಿಗೆ 1,000 ಬಡಿತಗಳಂತೆ ಪರೀಕ್ಷಿಸಹೊರಟರೆ 11 ವರ್ಷಗಳು ಕಳೆದುಹೋಗುವುವು. ಸೆಕೆಂಡಿಗೆ 10 ಲಕ್ಷ ಬಡಿತಗಳ ನಿಜವಾದ ಮಾದರಿಯೊಂದಿದ್ದರೆ ನಾಲ್ಕು ದಿನಗಳಲ್ಲಿ ಕೆಲಸ ಮುಗಿದೀತು. (ಸರಿಯುತ್ತರವನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸುವವರು ಇರಬೇಕು, ಅದು ಬೇರೆ ಮಾತು.)

ಅಂಥ ಮಾದರಿಯನ್ನು ಕಟ್ಟಲು ಒದಗುವುದೇ ಎಫ್‌ಪಿಜಿಎ. ಅದು ಕರಿಹಲಗೆಯಂತೆ: ಒಳಗಿನ ಸಂಪರ್ಕಗಳನ್ನು ಅಳಿಸಿ ಮತ್ತೆ ಬರೆಯಬಹುದು. 1985ರಲ್ಲಿ ಜೈಲಿಂಕ್ಸ್ ಸಂಸ್ಥೆ ಹೊರತಂದ ಮೊದಲನೆಯದರಲ್ಲಿ ಇದ್ದುದು 64 ತರ್ಕಘಟಕಗಳು ಮಾತ್ರ. ಇಂದು ಅವು ಎಷ್ಟೇ ಬೆಳೆದಿದ್ದರೂ ದೊಡ್ಡ ವಿನ್ಯಾಸವು ಒಂದರಲ್ಲಿ ಹಿಡಿಯದು. ಆದುದರಿಂದ ಹಲವನ್ನು ಜೋಡಿಸುತ್ತಾರೆ.

ಇಲ್ಲಿಯೇ ತೊಡಕು. ಕೂಡುಕುಟುಂಬ ಪಾಲಾಗಿ ನಡುವೆ ಗೋಡೆಯೆದ್ದಂತೆ, ಮೊದಲು ಎಲ್ಲೆಂದರಲ್ಲಿ ಓಡಾಡುತ್ತಿದ್ದ ಸಂಕೇತಗಳು ಈಗ ಕೆಲವೇ ಬಾಗಿಲುಗಳಲ್ಲಿ ಸರದಿ ನಿಲ್ಲಬೇಕಾಗುತ್ತದೆ. ಒಳಗಿನ ತಂತಿಗಳು ಅಸಂಖ್ಯ. ಚಿಪ್ಪಿನಿಂದ ಹೊರಬೀಳುವ ಪಿನ್ನುಗಳಾದರೋ ಎಣಿಕೆಯವು. 2010ರಲ್ಲಿ ಇಂಟೆಲಿನವರು ನೆಹಲೆಮ್ ಸಂಸ್ಕಾರಕದ ಒಂದು ತಿರುಳನ್ನು ಐದು ಎಫ್‌ಪಿಜಿಎಗಳಲ್ಲಿ ಹಂಚಿದಾಗ ದೊರೆತ ವೇಗ 520 ಕಿಲೊಹರ್ಟ್ಸ್. ನಿಜವಾದ ಚಿಪ್ಪು ಓಡುವುದು ಗಿಗಾಹರ್ಟ್ಸ್‌ಗಳಲ್ಲಿ. ಆದರೆ 2007ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾನಿಲಯದವರು 84 ಎಫ್‌ಪಿಜಿಎಗಳಲ್ಲಿ 1,008 ಪುಟ್ಟ ತಿರುಳುಗಳನ್ನು ಕೂಡಿಸಿ 90 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರು! ಅವರು ಯಾವ ತಿರುಳನ್ನೂ ಸೀಳಲಿಲ್ಲ. ಒಂದೊಂದು ಎಫ್‌ಪಿಜಿಎಯಲ್ಲಿ ಹನ್ನೆರಡು ಇಡಿಯ ತಿರುಳುಗಳು. ಅವುಗಳ ನಡುವೆ ಸಾಗುತ್ತಿದ್ದುದು ಸಂದೇಶಗಳಷ್ಟೆ. ನೆಹಲೆಮಿನಂಥ ಒಂದೇ ದೊಡ್ಡ ತಿರುಳಿಗೆ ಆ ಸೌಕರ್ಯವಿರಲಿಲ್ಲವೆಂಬುದೂ ನಿಜ.

ಹೀಗಿರುವಲ್ಲಿ ಎಷ್ಟು ಎಫ್‌ಪಿಜಿಎಗಳಿವೆಯೆಂದು ಬೀಗುವುದು ಬರಿಯ ಆಡಂಬರ. ಎಲ್ಲಿ ಕತ್ತರಿಸಬೇಕೆಂಬ ವಿವೇಕವೇ ಮುಖ್ಯ. ಕಾರಿನಲ್ಲೋ ವೈದ್ಯಕೀಯ ಉಪಕರಣದಲ್ಲೋ ಅಡಗಿ ಕೆಲಸಮಾಡುವ ಗಣಕಗಳ ವಿಷಯದಲ್ಲಂತೂ ಇದು ಇನ್ನೂ ಕಠಿನ: ಮಾದರಿ ನಿಧಾನವಾಯಿತೆಂದು ಹೊರಜಗತ್ತು ಕಾಯುವುದಿಲ್ಲ. ಕ್ಯಾಮೆರಾದ ಚಿತ್ರಗಳು ತಮ್ಮ ವೇಗದಲ್ಲಿಯೇ ಬಂದು ಬೀಳುತ್ತವೆ.

ಈ ವಿವೇಕವನ್ನು ಉಪನ್ಯಾಸದಿಂದ ಕಲಿಸಲಾಗದು. ಒಂದೇ ಫಲಕದಲ್ಲಿ ದೀಪ ಮಿನುಗಿಸಿದ ವಿದ್ಯಾರ್ಥಿಗೆ ಅದರ ಅಗತ್ಯವೇ ತೋರದು. ಪ್ರಯೋಗಶಾಲೆಗಳು ಬೆಲೆಬಾಳುವ ಒಂದು ದೊಡ್ಡ ಫಲಕದ ಬದಲು ಅಗ್ಗದ ಎರಡು ಪುಟ್ಟ ಫಲಕಗಳನ್ನು ಕೊಳ್ಳಲಿ. ನಡುವೆ ಎಂಟೇ ತಂತಿಗಳನ್ನು ಕೊಟ್ಟು, ಒಂದು ವಿನ್ಯಾಸವನ್ನು ಎರಡಾಗಿ ಸೀಳಿ ಓಡಿಸುವಂತೆ ವಿದ್ಯಾರ್ಥಿಗಳಿಗೆ ಹೇಳಲಿ.