ಕೊಟ್ಟ ಮಾತು ಉಳಿಸಿಕೊಂಡ ಲೈಬ್ರರಿ
ಫೋನು, ಟಿವಿ, ಕಾರುಗಳಲ್ಲಿನ ಅಸಂಖ್ಯ ತಂತ್ರಾಂಶಗಳು ಇಂಟರ್‌ನೆಟ್‌ನಿಂದ ಮಾಹಿತಿ ತರಿಸಿಕೊಳ್ಳಲು ನೆಚ್ಚಿರುವುದು ಲಿಬ್‌ಕರ್ಲ್ ಎಂಬ ಲೈಬ್ರರಿಯನ್ನು. ಸ್ವೀಡನ್ನಿನ ಡೇನಿಯಲ್ ಸ್ಟೆನ್‌ಬರ್ಗ್ 1998ರಲ್ಲಿ ಹೊರತಂದ ಕರ್ಲ್ ಎಂಬ ಪುಟ್ಟ ಸಾಧನದ ಒಳಗಿನ ಕೋಡು, 2000ದಲ್ಲಿ ಯಾರು ಬೇಕಾದರೂ ತಮ್ಮ ತಂತ್ರಾಂಶಕ್ಕೆ ಜೋಡಿಸಿಕೊಳ್ಳಬಹುದಾದ ಲೈಬ್ರರಿಯಾಯಿತು. ವಿಂಡೋಸ್, ಲಿನಕ್ಸ್, ಆಂಡ್ರಾಯ್ಡ್‌ಗಳಲ್ಲಿ ನೆಟ್‌ವರ್ಕ್ ಸಂಪರ್ಕದ ರೀತಿ ಒಂದೇ ಅಲ್ಲ. ಗೂಢಲಿಪಿಯ ಏರ್ಪಾಡೂ ಬೇರೆ ಬೇರೆ. ಆ ವ್ಯತ್ಯಾಸಗಳ ತಲೆನೋವನ್ನೆಲ್ಲ ತಾನೇ ಹೊತ್ತುಕೊಂಡು, ಪ್ರೋಗ್ರಾಮರಿಗೆ ಎಲ್ಲೆಡೆಯೂ ಒಂದೇ ಬಗೆಯ ಬಳಕೆಯನ್ನು ಒದಗಿಸುವುದು ಇದರ ಹೆಚ್ಚುಗಾರಿಕೆ. 2006ರಿಂದೀಚೆಗೆ ಲೈಬ್ರರಿಯ ನಿರ್ವಾಹಕರು, ಇದನ್ನು ನಂಬಿದ ಹಳೆಯ ತಂತ್ರಾಂಶಗಳು ಕೆಡದಂತೆ ಕಾಯ್ದುಕೊಂಡೇ ಹೊಸ ಸೌಲಭ್ಯಗಳನ್ನು ಸೇರಿಸುತ್ತ ಬಂದಿದ್ದಾರೆ. ಹೊಸದನ್ನು ಕಟ್ಟುವುದಕ್ಕಿಂತ ಈ ಕಾಯುವಿಕೆ ಕಷ್ಟದ್ದು, ಕಾಣದ್ದು ಕೂಡ. ಹಾಗಾಗಿ ಲಿಬ್‌ಕರ್ಲನ್ನು ಉಚಿತವಾಗಿ ಬಳಸಿ ಗಳಿಸುವ ಪ್ರತಿಯೊಂದು ಕಂಪನಿಯೂ ನಿರ್ವಹಣೆಗೆ ಹಣವನ್ನೋ ತನ್ನ ಎಂಜಿನಿಯರುಗಳ ಸಮಯವನ್ನೋ ಕೊಡಲೇಬೇಕು.